ಕಡಲಕುಡಿಕೆ ಬರೆದ ಶಾಸನ

ಇಂಗ್ಲೆಂಡಿನ ಆಕ್ಸ್‌ಫರ್ಡ್ ಪ್ರಾಂತದಲ್ಲಿ ಚರ್ಚಿಲ್ ಎಂಬುದೊಂದು ಸಣ್ಣ ಹಳ್ಳಿ. ಹದಿನೆಂಟನೆಯ ಶತಮಾನದಲ್ಲಿ ಆ ಹಳ್ಳಿಯ ಹೈನಿನ ಮನೆಗಳಲ್ಲಿ ಬೆಣ್ಣೆ ತೂಗುವ ಹೆಂಗಸರು ಕಬ್ಬಿಣದ ತೂಕಕ್ಕೆ ಬದಲಾಗಿ ಹೊಲದಲ್ಲಿ ಸಿಕ್ಕುತ್ತಿದ್ದ ದುಂಡನೆಯ ಕಲ್ಲೊಂದನ್ನು ತಕ್ಕಡಿಯಲ್ಲಿ ಇಡುತ್ತಿದ್ದರು. ಉದ್ದಿನ ವಡೆಯಂತೆ ಚಪ್ಪಟೆಯಾಗಿ ಉಬ್ಬಿದ ಕಲ್ಲು. ಅದರ ನಡುವಿನಿಂದ ಅಂಚಿನವರೆಗೆ ಯಾರೋ ಕುಶಲಿಗಳು ಕೊರೆದಂತೆ ಐದು ದಳಗಳ ಹೂವು. ಆ ಹೊಲಗಳಲ್ಲಿ ಇಂತಹ ಕಲ್ಲುಗಳು ಹೇರಳವಾಗಿದ್ದವು. ಗಾತ್ರದಲ್ಲಿಯೂ ತೂಕದಲ್ಲಿಯೂ ಒಂದಕ್ಕೊಂದು ಹೆಚ್ಚು ವ್ಯತ್ಯಾಸವಿರುತ್ತಿರಲಿಲ್ಲ. ಆದುದರಿಂದಲೇ ಅವಕ್ಕೆ ‘ಪೌಂಡು ಕಲ್ಲು’ ಎಂಬ ಹೆಸರು ಬಂದಿತು.

1769ರಲ್ಲಿ ಆ ಹಳ್ಳಿಯ ಕಮ್ಮಾರನ ಮನೆಯಲ್ಲಿ ಹುಟ್ಟಿದ ಬಾಲಕನೊಬ್ಬ ಈ ಕಲ್ಲುಗಳನ್ನು ನೋಡುತ್ತ ಬೆಳೆದ. ಅವನೇ ಮುಂದೆ ಭೂವಿಜ್ಞಾನದ ಇತಿಹಾಸದಲ್ಲಿ ಅಚ್ಚಳಿಯದ ಹೆಸರು ಪಡೆದ ವಿಲಿಯಂ ಸ್ಮಿತ್. ಬೆಣ್ಣೆ ತೂಗುವ ಆ ಕಲ್ಲು ಕಲ್ಲಲ್ಲ, ಎಂದೋ ಕಡಲಿನ ತಳದಲ್ಲಿ ಬದುಕಿದ್ದ ಪ್ರಾಣಿಯ ಒಡಲು ಎಂಬುದನ್ನು ಅವನು ಅರಿತುದು ಮಾತ್ರವಲ್ಲ. ಅಂತಹ ಒಡಲುಗಳನ್ನು ಹಿಡಿದು ಬಂಡೆಗಳ ವಯಸ್ಸಿನ ಹಿಂದುಮುಂದನ್ನು ಗೊತ್ತುಮಾಡುವ ಮಾರ್ಗವನ್ನೂ ಅವನು ಜಗತ್ತಿಗೆ ತೋರಿಸಿಕೊಟ್ಟ. ತಕ್ಕಡಿಯಲ್ಲಿ ಬೆಣ್ಣೆಯನ್ನು ತೂಗುತ್ತಿದ್ದ ವಸ್ತು ಕಾಲವನ್ನೇ ತೂಗುವ ಸಾಧನವಾದ ಕಥೆ ಇದು.

ಸಿಡಿಲನ್ನು ತಡೆಯುವ ಕಿರೀಟ

ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ಬೆಳ್ಳನೆಯ ಸೀಮೆಸುಣ್ಣದ ಬೆಟ್ಟಗಳು ಹಬ್ಬಿಕೊಂಡಿವೆ. ಅಲ್ಲಿ ಕುರಿ ಮೇಯಿಸುವವರಿಗೂ ನೇಗಿಲು ಹೂಡುವವರಿಗೂ ಇಂತಹ ಐದು ದಳದ ಕಲ್ಲುಗಳು ಆಗಾಗ ಸಿಕ್ಕುವುದುಂಟು. ಕೆಲವರು ಅವನ್ನು ‘ಕುರುಬನ ಕಿರೀಟ’ ಎಂದರು. ಕೆಲವರು ‘ಸಿಡಿಲ ಕಲ್ಲು’ ಎಂದರು. ಮನೆಯ ಕಿಟಕಿಯ ಮೇಲೆ ಇದನ್ನಿಟ್ಟರೆ ಸಿಡಿಲು ಬಡಿಯುವುದಿಲ್ಲವೆಂದೂ, ಹಾಲಿನ ಪಾತ್ರೆಯ ಬಳಿ ಇಟ್ಟರೆ ಹಾಲು ಕೆಡುವುದಿಲ್ಲವೆಂದೂ ಜನ ನಂಬಿದ್ದರು. ಇನ್ನು ಕೆಲವೆಡೆ ಇದು ‘ಯಕ್ಷಿಣಿಯರ ರೊಟ್ಟಿ’. ಇದು ಮನೆಯಲ್ಲಿದ್ದರೆ ಅನ್ನಕ್ಕೆ ಕೊರತೆಯಿಲ್ಲ. ಹ್ಯಾಂಪ್‌ಷೈರಿನ ಲಿಂಕೆನ್‌ಹೋಲ್ಟ್ ಎಂಬ ಊರಿನ ಚರ್ಚಿನಲ್ಲಿ ಕಿಟಕಿಯ ಸುತ್ತ ಈ ಕಲ್ಲುಗಳನ್ನು ಸಾಲಾಗಿ ಕೂಡಿಸಿರುವುದನ್ನು ಇಂದಿಗೂ ಕಾಣಬಹುದು. 1887ರಲ್ಲಿ ಡನ್‌ಸ್ಟೇಬಲ್ ಎಂಬಲ್ಲಿ ವರ್ದಿಂಗ್ಟನ್ ಸ್ಮಿತ್ ಎಂಬಾತ ಒಂದು ಪುರಾತನ ಸಮಾಧಿಯನ್ನು ಅಗೆಯಿಸಿದಾಗ ಒಬ್ಬ ಹೆಂಗಸಿನ ಮತ್ತು ಒಂದು ಮಗುವಿನ ಎಲುಬುಗಳೊಡನೆ ಇನ್ನೂರಕ್ಕೂ ಹೆಚ್ಚು ಕಲ್ಲಾದ ಕಡಲಕುಡಿಕೆಗಳು ದೊರೆತವು. ಸತ್ತವರ ಜೊತೆಗೆ ಅವನ್ನಿಟ್ಟ ಕೈಗಳ ಮನಸ್ಸಿನಲ್ಲಿ ಏನಿತ್ತೋ, ಬಲ್ಲವರಿಲ್ಲ.

ಇದನ್ನು ಓದಿ ನಾವು ನಗಬೇಕಾದುದೇನೂ ಇಲ್ಲ. ಗಂಡಕೀ ನದಿಯಿಂದ ಬಂದ ಸಾಲಿಗ್ರಾಮವನ್ನು ನಮ್ಮ ಹಿರಿಯರು ದೇವರ ಪೆಟ್ಟಿಗೆಯಲ್ಲಿಟ್ಟು ತಲೆತಲಾಂತರದಿಂದ ಪೂಜಿಸುತ್ತ ಬಂದಿದ್ದಾರೆ. ಅದರೊಳಗಿನ ಚಕ್ರವು ಅಮೋನೈಟ್ ಎಂಬ, ಈಗ ವಂಶವೇ ಅಳಿದುಹೋಗಿರುವ ಕಡಲಪ್ರಾಣಿಯ ಚಿಪ್ಪಿನ ಗುರುತು. ಅಲ್ಲಿಯ ಕಿರೀಟವೂ ಇಲ್ಲಿಯ ಚಕ್ರವೂ ಒಂದೇ ಪುರಾತನ ಸಮುದ್ರಲೋಕಕ್ಕೆ ಸೇರಿದ ಒಡವೆಗಳು. ಕೈಗೆ ಸಿಕ್ಕ ಕಲ್ಲಿನಲ್ಲಿ ಇಷ್ಟು ಸುಂದರವಾದ ರಚನೆಯನ್ನು ಕಂಡ ಮನುಷ್ಯ, ಇದು ಸಾಮಾನ್ಯವಾದುದಲ್ಲ ಎಂದುಕೊಂಡದ್ದು ಸಹಜವೇ ಆಗಿದೆ.

ಮುಳ್ಳಿನ ಮೈಯವರು

ಈ ಪ್ರಾಣಿಯ ಪರಿಚಯವನ್ನು ಸ್ವಲ್ಪ ಮಾಡಿಕೊಳ್ಳೋಣ. ನಕ್ಷತ್ರಮೀನು, ಕಡಲಸೌತೆ, ಕಡಲಲಿಲ್ಲಿ, ಕಡಲಕುಡಿಕೆ ಇವೆಲ್ಲ ಒಂದೇ ಮನೆತನಕ್ಕೆ ಸೇರಿದವು. ವಿಜ್ಞಾನಿಗಳು ಇವನ್ನು ಕಂಟಕಚರ್ಮಿಗಳು, ಎಂದರೆ ಮುಳ್ಳಿನ ಮೈಯವು, ಎಂದು ಕರೆಯುತ್ತಾರೆ. ಮನೆತನದ ಗುರುತು ಐದರ ಲೆಕ್ಕ. ನಕ್ಷತ್ರಮೀನಿಗೆ ಸಾಮಾನ್ಯವಾಗಿ ಐದು ತೋಳು. ಕಡಲಕುಡಿಕೆಯ ಮೈಮೇಲೆ ಐದು ದಳ. ಜೀವವಿರುವಾಗ ಆ ದಳಗಳಲ್ಲಿನ ಸಣ್ಣ ರಂಧ್ರಗಳ ಮೂಲಕ ಕೊಳವೆಯಂತಹ ಮೃದುವಾದ ಕಾಲುಗಳು ಹೊರಗೆ ಚಾಚಿಕೊಳ್ಳುತ್ತವೆ. ಉಸಿರಾಟ, ನಡಿಗೆ, ಆಹಾರವನ್ನು ಸೆಳೆದುಕೊಳ್ಳುವುದು ಎಲ್ಲಕ್ಕೂ ಆ ಕಾಲುಗಳೇ ಆಧಾರ.

ಪ್ರಾಣಿ ಸತ್ತ ಮೇಲೆ ಮುಳ್ಳುಗಳು ಉದುರಿಹೋಗುತ್ತವೆ. ಕುಡಿಕೆಯಾಕಾರದ ಗಟ್ಟಿ ಗೂಡು ಉಳಿಯುತ್ತದೆ. ಈ ಗೂಡು ಸುಣ್ಣದ ನೂರಾರು ಸಣ್ಣ ಬಿಲ್ಲೆಗಳನ್ನು ಜೋಡಿಸಿ ಕಟ್ಟಿದ್ದು. ಆಶ್ಚರ್ಯದ ಸಂಗತಿಯೆಂದರೆ, ಪ್ರತಿಯೊಂದು ಬಿಲ್ಲೆಯೂ ಜಾಲರಿಯಂತೆ ರಂಧ್ರಮಯವಾಗಿದ್ದರೂ ಕ್ಯಾಲ್ಸೈಟ್ ಖನಿಜದ ಒಂದೇ ಹರಳಿನಂತೆ ವರ್ತಿಸುತ್ತದೆ. ಇಂತಹ ಗೂಡು ಕಡಲತಳದ ಕೆಸರಿನಲ್ಲಿ ಬೇಗನೆ ಹುದುಗಿದರೆ ಅದರ ಸೂಕ್ಷ್ಮ ರಚನೆ ಕೋಟಿಗಟ್ಟಲೆ ವರ್ಷ ಉಳಿಯಬಲ್ಲದು. ಎಷ್ಟೋ ವೇಳೆ ಗೂಡಿನ ಒಳಗೆ ಚಕಮಕಿ ಕಲ್ಲಿನ ಪದಾರ್ಥ ತುಂಬಿಕೊಂಡು ಗಟ್ಟಿಯಾಗಿ, ಹೊರಗಿನ ಸುಣ್ಣ ಸವೆದುಹೋದ ಮೇಲೂ ಒಳಗಿನ ಎರಕ ಉಳಿಯುತ್ತದೆ. ಇಂಗ್ಲೆಂಡಿನ ರೈತನ ನೇಗಿಲಿಗೆ ತಗಲುವ ಕಿರೀಟಗಳಲ್ಲಿ ಬಹಳಷ್ಟು ಇಂತಹ ಎರಕಗಳೇ.

ಸೀಮೆಸುಣ್ಣದ ಯುಗ

ಶಾಲೆಯ ಕರಿಹಲಗೆಯ ಮೇಲೆ ಬರೆಯುವ ಸೀಮೆಸುಣ್ಣವನ್ನು ಎಲ್ಲರೂ ಬಲ್ಲರು. ಈಗ ಶಾಲೆಗಳಲ್ಲಿ ಬಳಸುವ ಕಡ್ಡಿ ಬಹುಮಟ್ಟಿಗೆ ಜಿಪ್ಸಂನಿಂದ ಮಾಡಿದ್ದು. ಆದರೆ ಹೆಸರು ಬಂದಿರುವುದು ಹಳೆಯ ನಿಜವಾದ ಸೀಮೆಸುಣ್ಣದಿಂದ. ಇಂಗ್ಲೆಂಡಿನ ಡೋವರ್ ಬಳಿ ಸಮುದ್ರಕ್ಕೆ ಎದುರಾಗಿ ಗೋಡೆಯಂತೆ ನಿಂತಿರುವ ಬಿಳಿಯ ಬಂಡೆಗಳು ಆ ಸೀಮೆಸುಣ್ಣದವೇ. ಕಡಲಿನ ಮೇಲ್ಪದರದಲ್ಲಿ ತೇಲುತ್ತ ಬದುಕುವ, ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿಗಳು ತಮ್ಮ ಮೈಗೆ ಸುಣ್ಣದ ಪುಟ್ಟ ಬಿಲ್ಲೆಗಳನ್ನು ತೊಡಿಸಿಕೊಳ್ಳುತ್ತವೆ. ಅವು ಸತ್ತಾಗ ಆ ಬಿಲ್ಲೆಗಳು ತಳಕ್ಕಿಳಿದು ಕೆಸರಾಗುತ್ತವೆ. ಸಾವಿರ ವರ್ಷಕ್ಕೆ ಕೆಲವೇ ಸೆಂಟಿಮೀಟರಿನಂತೆ ಈ ಕೆಸರು ಕೂಡುತ್ತ ಹೋಗಿ ನೂರಾರು ಮೀಟರ್ ದಪ್ಪದ ಬಂಡೆಯಾಯಿತು. ಟಿ. ಎಚ್. ಹಕ್ಸ್‌ಲಿ 1868ರಲ್ಲಿ ನಾರ್ವಿಚ್ ನಗರದ ಕೂಲಿಕಾರರ ಮುಂದೆ ಸೀಮೆಸುಣ್ಣದ ಒಂದು ಚೂರನ್ನೇ ವಿಷಯವಾಗಿಟ್ಟುಕೊಂಡು ಮಾಡಿದ ಉಪನ್ಯಾಸ, ವಿಜ್ಞಾನವನ್ನು ಜನರಿಗೆ ತಿಳಿಸುವ ಬಗೆಗೆ ಮಾದರಿಯಾಗಿ ಉಳಿದಿದೆ.

ಸೀಮೆಸುಣ್ಣಕ್ಕೆ ಲ್ಯಾಟಿನ್ ಭಾಷೆಯಲ್ಲಿ ‘ಕ್ರೀಟಾ’ ಎಂದು ಹೆಸರು. 1822ರಲ್ಲಿ ದೊಮಾಲಿಯಸ್ ದಾಲುವಾ ಎಂಬ ಭೂವಿಜ್ಞಾನಿ ಈ ಹೆಸರಿನಿಂದಲೇ ಬಂಡೆಗಳ ಒಂದು ವರ್ಗವನ್ನು ಕರೆದುದರಿಂದ ಆ ಯುಗಕ್ಕೆ ಕ್ರಿಟೇಷಿಯಸ್ ಯುಗ ಎಂಬ ಹೆಸರು ನಿಂತಿತು. ಇಂದಿನ ಲೆಕ್ಕದಂತೆ ಆ ಯುಗ 14 ಕೋಟಿ ವರ್ಷಗಳಿಗೂ ಹಿಂದೆ ಆರಂಭವಾಗಿ 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಮುಗಿಯಿತು. ಆದರೆ ಈ ಅಂಕಿಗಳು ಎಲ್ಲಿಂದ ಬಂದವು? ಬಂಡೆಯ ಮೇಲೆ ಯಾರೂ ತೇದಿ ಹಾಕಿಲ್ಲವಲ್ಲ!

ತೇದಿಯಿಲ್ಲದ ಶಾಸನವನ್ನು ಓದುವ ಬಗೆ

ಇಲ್ಲಿ ನಮ್ಮ ಶಾಸನಗಳ ಉದಾಹರಣೆಯನ್ನು ನೆನೆದರೆ ವಿಷಯ ಸುಲಭವಾಗುತ್ತದೆ. ಬಾದಾಮಿಯ ಮಂಗಳೇಶನ ಗುಹಾಶಾಸನದಲ್ಲಿ ಶಕವರ್ಷ 500 ಎಂದು ಸ್ಪಷ್ಟವಾಗಿ ಹೇಳಿದೆ, ಅದು ಕ್ರಿ.ಶ. 578 ಎಂದು ನಾವು ಲೆಕ್ಕ ಹಾಕುತ್ತೇವೆ. ಆದರೆ ಹಲ್ಮಿಡಿಯ ಶಾಸನದಲ್ಲಿ ತೇದಿಯೇ ಇಲ್ಲ. ಅಕ್ಷರಗಳ ಸ್ವರೂಪವನ್ನೂ ಒಳಗೆ ಬರುವ ಹೆಸರುಗಳನ್ನೂ ಹಿಡಿದು ವಿದ್ವಾಂಸರು ಅದು ಸುಮಾರು ಕ್ರಿ.ಶ. 450ರದೆಂದು ತೀರ್ಮಾನಿಸಿದರು. ಲಿಪಿಯ ಅಧ್ಯಯನದಲ್ಲಿ ಎರಡು ಕೆಲಸಗಳಿವೆ. ಮೊದಲನೆಯದು, ಕದಂಬರ ಕಾಲದ ಅಕ್ಷರ ರಾಷ್ಟ್ರಕೂಟರ ಕಾಲಕ್ಕೆ ಹೇಗೆ ಮಾರ್ಪಟ್ಟಿತು, ಹೊಯ್ಸಳರ ಕಾಲಕ್ಕೆ ಹೇಗಾಯಿತು ಎಂದು ಹಿಂದುಮುಂದಿನ ಕ್ರಮವನ್ನು ಗೊತ್ತುಪಡಿಸುವುದು. ಎರಡನೆಯದು, ತೇದಿಯಿರುವ ಶಾಸನಗಳನ್ನು ಆ ಸಾಲಿನಲ್ಲಿ ನಡುನಡುವೆ ಗೂಟದಂತೆ ನೆಟ್ಟು, ಮಿಕ್ಕವಕ್ಕೆ ವರ್ಷವನ್ನು ಅಂದಾಜು ಮಾಡುವುದು. ಅಕ್ಷರ ಕ್ರಮವನ್ನು ಹೇಳುತ್ತದೆ. ಶಕವರ್ಷ ಅಂಕಿಯನ್ನು ಕೊಡುತ್ತದೆ.

ಬಂಡೆಗಳ ವಿಷಯದಲ್ಲಿಯೂ ಹೀಗೆಯೇ. ವಿಲಿಯಂ ಸ್ಮಿತ್ ಕಾಲುವೆ ತೋಡಿಸುವ ಕೆಲಸದಲ್ಲಿ ನಾಡನ್ನೆಲ್ಲ ಸುತ್ತುತ್ತಿದ್ದಾಗ ಒಂದು ನಿಯಮವನ್ನು ಗುರುತಿಸಿದ. ಕೆಳಗಿನ ಸ್ತರ ಹಳೆಯದು, ಮೇಲಿನದು ಹೊಸದು ಎಂಬುದು ಮೊದಲೇ ತಿಳಿದಿತ್ತು. ಪ್ರತಿಯೊಂದು ಸ್ತರಕ್ಕೂ ತನ್ನದೇ ಆದ ಪಳೆಯುಳಿಕೆಗಳ ಗುಂಪಿದೆ, ಆ ಗುಂಪುಗಳು ಎಲ್ಲೆಡೆಯೂ ಒಂದೇ ಕ್ರಮದಲ್ಲಿ ಬರುತ್ತವೆ ಎಂಬುದು ಅವನ ಶೋಧ. ಬಂಡೆಯ ಬಣ್ಣ ಮೋಸಮಾಡಬಹುದು. ಪಳೆಯುಳಿಕೆ ಮೋಸಮಾಡುವುದು ಅಪರೂಪ. ಈ ಸೂತ್ರದ ಬಲದಿಂದ 1815ರಲ್ಲಿ ಅವನು ಪ್ರಕಟಿಸಿದ ಇಂಗ್ಲೆಂಡ್ ಮತ್ತು ವೇಲ್ಸ್ ಪ್ರಾಂತಗಳ ಭೂವಿಜ್ಞಾನದ ನಕ್ಷೆ ಚರಿತ್ರಾರ್ಹವಾದುದು.

ಮಾರ್ಗೇಟಿನ ವೈದ್ಯ

ಸ್ಮಿತ್ ಹಾಕಿಕೊಟ್ಟ ದಾರಿಯಲ್ಲಿ ಕಡಲಕುಡಿಕೆಯನ್ನೇ ಗುರುವಾಗಿ ಇಟ್ಟುಕೊಂಡು ನಡೆದವರು ಡಾಕ್ಟರ್ ಆರ್ಥರ್ ರೋ. ಕೆಂಟ್ ಪ್ರಾಂತದ ಕಡಲತೀರದಲ್ಲಿರುವ ಮಾರ್ಗೇಟ್ ಎಂಬ ಊರಿನ ವೈದ್ಯರು ಅವರು. ರೋಗಿಗಳನ್ನು ನೋಡುವುದು ವೃತ್ತಿ. ಬಿಡುವು ಸಿಕ್ಕಾಗಲೆಲ್ಲ ಸೀಮೆಸುಣ್ಣದ ಬಂಡೆಗಳ ಬುಡದಲ್ಲಿ ಸುತ್ತಿಗೆ ಹಿಡಿದು ನಡೆಯುವುದು ಹವ್ಯಾಸ. ಪಳೆಯುಳಿಕೆಗೆ ಅಂಟಿಕೊಂಡ ಸುಣ್ಣವನ್ನು ತೆಗೆಯಲು ಅವರು ಉಪಯೋಗಿಸಿದ್ದು ಹಲ್ಲಿನ ವೈದ್ಯರು ಹಲ್ಲು ಕೊರೆಯುವ ಯಂತ್ರವನ್ನು. ಕಡಲಕುಡಿಕೆಯ ಮೈಮೇಲಿನ ಸೂಜಿಮೊನೆಯಷ್ಟು ಚಿಕ್ಕ ಗುರುತುಗಳೂ ಇದರಿಂದ ಬೆಳಕಿಗೆ ಬಂದವು.

ಅವರು ಆರಿಸಿಕೊಂಡದ್ದು ಮೈಕ್ರಾಸ್ಟರ್ ಎಂಬ, ಹೃದಯದ ಆಕಾರದ ಕಡಲಕುಡಿಕೆಯ ಕುಲವನ್ನು. ‘ಪುಟ್ಟ ನಕ್ಷತ್ರ’ ಎಂದು ಆ ಹೆಸರಿನ ಅರ್ಥ. ಎಲ್ಲಿಯೋ ಯಾರೋ ಸಂಗ್ರಹಿಸಿ ಕಪಾಟಿನಲ್ಲಿಟ್ಟ ಮಾದರಿಗಳನ್ನು ಡಾಕ್ಟರ್ ರೋ ನೆಚ್ಚಲಿಲ್ಲ. ಬಂಡೆಯ ಯಾವ ಸ್ತರದಿಂದ ತೆಗೆದುದು ಎಂಬುದನ್ನು ಖಚಿತವಾಗಿ ಗೊತ್ತುಮಾಡಿಕೊಂಡು, ಕೆಳಗಿನಿಂದ ಮೇಲಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಸಂಗ್ರಹಿಸುತ್ತ ಹೋದರು. 1899ರಲ್ಲಿ ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಅವರ ಪ್ರಬಂಧ ಪ್ರಕಟವಾಯಿತು.

ಅವರು ಕಂಡದ್ದೇನು? ಕೆಳಗಿನ, ಎಂದರೆ ಹಳೆಯ ಸ್ತರಗಳ ಮೈಕ್ರಾಸ್ಟರಿನ ದಳಗಳು ಆಳವಿಲ್ಲದವು; ದಳದ ನಡುವಿನ ಪಟ್ಟಿ ನುಣುಪಾದುದು. ಮೇಲಕ್ಕೆ ಬಂದಂತೆ ಆ ಪಟ್ಟಿಯಲ್ಲಿ ಗೆರೆ ಮೂಡುತ್ತದೆ, ಆಮೇಲೆ ಉಬ್ಬುತ್ತದೆ, ಕೊನೆಗೆ ನಡುವೆ ಸೀಳಿದಂತೆ ತೋಡು ಬೀಳುತ್ತದೆ. ಬಾಯಿ ಕ್ರಮಕ್ರಮವಾಗಿ ಮುಂದಿನ ಅಂಚಿನ ಕಡೆಗೆ ಸರಿಯುತ್ತದೆ. ಕೆಳತುಟಿ ಮುಂದೆ ಚಾಚಿ ಬಾಯಿಯನ್ನೇ ಮುಚ್ಚಿಕೊಳ್ಳುತ್ತದೆ. ಗೂಡು ಅಗಲವಾಗುತ್ತದೆ, ಎತ್ತರವಾಗುತ್ತದೆ. ಆಮೆಯ ಹೃದಯ ಎಂಬ ಅರ್ಥದ ಹೆಸರುಳ್ಳ ಮೈಕ್ರಾಸ್ಟರ್ ಕಾರ್‌ಟೆಸ್ಟುಡಿನೇರಿಯಂ ಕೆಳಗೆ, ಹಾವಿನ ಹೃದಯ ಎಂಬ ಅರ್ಥದ ಮೈಕ್ರಾಸ್ಟರ್ ಕಾರ್‌ಆಂಗ್ವೈನಂ ಮೇಲೆ. ಈ ಲಕ್ಷಣಗಳನ್ನು ಚೆನ್ನಾಗಿ ಬಲ್ಲವರ ಕೈಗೆ ಒಂದು ಮೈಕ್ರಾಸ್ಟರನ್ನು ಕೊಟ್ಟರೆ ಅದು ಬಂಡೆಯ ಯಾವ ವಲಯದಿಂದ ಬಂದುದೆಂದು ಹೇಳಬಲ್ಲರು. ಲಿಪಿತಜ್ಞರು ಒಂದು ಅಕ್ಷರವನ್ನು ನೋಡಿ ಇದು ಇಂತಹ ಶತಮಾನದ್ದೆಂದು ಹೇಳುವುದಿಲ್ಲವೇ, ಹಾಗೆ.

ಮಾರ್ಪಾಟಿಗೆ ಕಾರಣವೇನೆಂಬುದನ್ನು ಡೇವಿಡ್ ನಿಕೋಲ್ಸ್ ಎಂಬ ಪ್ರಾಣಿವಿಜ್ಞಾನಿ 1959ರಲ್ಲಿ ವಿವರಿಸಿದರು. ಅವರು ಸತ್ತ ಕಲ್ಲನ್ನು ಬಿಟ್ಟು, ಇಂದಿಗೂ ಕಡಲಿನ ಮರಳಿನಲ್ಲಿ ಬಿಲ ತೋಡಿಕೊಂಡು ಬದುಕಿರುವ ಅದರ ನಂಟರನ್ನು ಪರೀಕ್ಷಿಸಿದರು. ಬಿಲದೊಳಗಿರುವ ಪ್ರಾಣಿಗೆ ಮೇಲಿನಿಂದ ನೀರು ಬರಬೇಕು. ಬಾಯಿಗೆ ಬೇಡದ ಕೆಸರು ನುಗ್ಗಬಾರದು. ಮೈಕ್ರಾಸ್ಟರಿನ ವಂಶದಲ್ಲಿ ತಲೆಮಾರು ಕಳೆದಂತೆ ಕೆಲವು ಹೆಚ್ಚು ಆಳದ ಬಿಲಗಳಿಗೆ ಹೊಂದಿಕೊಂಡವೆಂದು ಅವರ ಅಭಿಪ್ರಾಯ. ಅನಂತರದ ಸಂಶೋಧಕರು, ವಂಶವು ಒಂದೇ ನೇರ ದಾರಿಯಲ್ಲಿ ಸಾಗಿತೆನ್ನುವುದು ಸರಿಯಲ್ಲ, ಅದಕ್ಕೆ ಕವಲುಗಳಿದ್ದವು, ಎಲ್ಲ ಕವಲುಗಳೂ ಆಳಕ್ಕೆ ಇಳಿಯಲಿಲ್ಲ ಎಂದು ತಿದ್ದಿದ್ದಾರೆ. ಆದರೂ ಡಾಕ್ಟರ್ ರೋ ಅವರು ಕಂಡ ಕ್ರಮ ತನ್ನ ಬೆಲೆಯನ್ನು ಕಳೆದುಕೊಂಡಿಲ್ಲ.

ತೇಲಿಹೋದ ಹಣದ ಚೀಲ

ಮೈಕ್ರಾಸ್ಟರಿಗೆ ಒಂದು ಕೊರತೆಯಿದೆ. ಅದು ಕೆಸರಿನಲ್ಲಿ ಬಿಲ ಮಾಡಿಕೊಂಡು ಒಂದೆಡೆ ಇರುವ ಪ್ರಾಣಿ; ಯೂರೋಪಿನ ಕಡಲುಗಳನ್ನು ಬಿಟ್ಟು ಬಹು ದೂರ ಹರಡಿದ್ದು ಕಡಮೆ. ಒಂದು ಖಂಡದ ಬಂಡೆಯನ್ನು ಇನ್ನೊಂದು ಖಂಡದ ಬಂಡೆಯೊಡನೆ ಹೋಲಿಸಬೇಕಾದರೆ ದೂರಪ್ರಯಾಣ ಮಾಡಿದ ಪ್ರಾಣಿ ಬೇಕು. ಆ ಕೆಲಸಕ್ಕೆ ಒದಗಿದವು ಕಡಲಲಿಲ್ಲಿಯ ಬಳಗದ ಎರಡು ಪ್ರಾಣಿಗಳು, ಯುಯಿಂಟಾಕ್ರೈನಸ್ ಮತ್ತು ಮಾರ್ಸುಪೈಟಿಸ್. ಕಡಲಲಿಲ್ಲಿಗಳಲ್ಲಿ ಅನೇಕವು ದಂಟಿನ ಮೇಲೆ ಹೂವಿನಂತೆ ನಿಂತಿರುತ್ತವೆ. ಇವಕ್ಕೆ ದಂಟೇ ಇರಲಿಲ್ಲ. ಮಾರ್ಸುಪೈಟಿಸ್ ಎಂದರೆ ಹಣದ ಚೀಲದಂತಹದು. ಅದರ ಒಡಲು ಹದಿನಾರು ದೊಡ್ಡ ಬಿಲ್ಲೆಗಳಿಂದಾದ ಬಟ್ಟಲು. ಅಂಚಿನಿಂದ ತೋಳುಗಳು ಹೊರಟಿದ್ದವು. ಬಟ್ಟಲು ಒಡೆದುಹೋಗಿ ಒಂದು ಬಿಲ್ಲೆ ಮಾತ್ರ ಸಿಕ್ಕಿದರೂ ಗುರುತು ಹಿಡಿಯಬಹುದು.

ಡಾಕ್ಟರ್ ರೋ ಅವರ ಊರಾದ ಮಾರ್ಗೇಟಿನ ಬಂಡೆಗಳಲ್ಲಿಯೇ ಈ ಎರಡೂ ಇವೆ. ಅಮೆರಿಕದಲ್ಲಿಯೂ ಆಸ್ಟ್ರೇಲಿಯದಲ್ಲಿಯೂ ಇವು ದೊರೆತಿವೆ. ಅಮೆರಿಕದ ಕ್ಯಾನ್ಸಾಸ್ ಸಂಸ್ಥಾನದ ಸೀಮೆಸುಣ್ಣದಲ್ಲಿ ಯುಯಿಂಟಾಕ್ರೈನಸ್ ಪ್ರಾಣಿಗಳು ನೂರಾರು ಒಟ್ಟಿಗೆ ಹೆಣೆದುಕೊಂಡು ಕಲ್ಲಾಗಿರುವ ಹಾಸುಗಲ್ಲುಗಳು ಸಿಕ್ಕಿವೆ. ಎಲ್ಲಕ್ಕಿಂತ ಮುಖ್ಯವಾದ ಗುಣವೆಂದರೆ ಇವು ಭೂಮಿಯ ಮೇಲೆ ಇದ್ದ ಅವಧಿ ಬಹು ಸ್ವಲ್ಪ. ಬಂಡೆಯಲ್ಲಿ ಮೊದಲು ಯುಯಿಂಟಾಕ್ರೈನಸ್, ಅದರ ಮೇಲೆ ಮಾರ್ಸುಪೈಟಿಸ್, ಇನ್ನೂ ಮೇಲಕ್ಕೆ ಹೋದರೆ ಎರಡೂ ಇಲ್ಲ. ಕಾಲವನ್ನು ಗುರುತಿಸಲು ಬೇಗ ಬಂದು ಬೇಗ ಹೋದವನ ಸಾಕ್ಷ್ಯವೇ ಹೆಚ್ಚು ಉಪಯುಕ್ತ. ಬಹುಕಾಲ ಬಾಳಿದವನು ಹಲವು ಕಾಲಗಳನ್ನು ಕಂಡಿರುತ್ತಾನೆ. ಅವನನ್ನು ಕಂಡೆವೆಂದ ಮಾತ್ರಕ್ಕೆ ಯಾವ ಕಾಲವೆಂದು ಹೇಳುವುದು ಹೇಗೆ?

ವರ್ಷದ ಲೆಕ್ಕ

ಇಷ್ಟಾದರೂ ನಮ್ಮ ಕೈಯಲ್ಲಿರುವುದು ಅಕ್ಷರಗಳ ಕ್ರಮ ಮಾತ್ರ, ಶಕವರ್ಷವಿಲ್ಲ. ಕಡಲಕುಡಿಕೆಯ ಗೂಡನ್ನೇ ಪರೀಕ್ಷಿಸಿ ವಯಸ್ಸು ಹೇಳಬಾರದೇ ಎಂದು ಓದುಗರು ಕೇಳಬಹುದು. ಹಳೆಯ ಇದ್ದಲು, ಎಲುಬುಗಳ ವಯಸ್ಸನ್ನು ತಿಳಿಯಲು ಬಳಸುವ ಇಂಗಾಲ-14ರ ವಿಧಾನ ಇಲ್ಲಿ ಪ್ರಯೋಜನಕ್ಕೆ ಬಾರದು. ಆ ಇಂಗಾಲ 5,730 ವರ್ಷಗಳಿಗೊಮ್ಮೆ ಅರ್ಧದಷ್ಟು ಕರಗಿಹೋಗುತ್ತದೆ. ಸುಮಾರು ಐವತ್ತು ಸಾವಿರ ವರ್ಷಗಳಾಚೆಗೆ ಅಳೆಯಲು ಏನೂ ಉಳಿಯುವುದಿಲ್ಲ. ಕೋಟಿ ವರ್ಷಗಳನ್ನು ಅಳೆಯಲು ಅಷ್ಟೇ ನಿಧಾನವಾದ ಗಡಿಯಾರ ಬೇಕು.

ಅಂತಹ ಗಡಿಯಾರ ಜ್ವಾಲಾಮುಖಿಯ ಬೂದಿಯಲ್ಲಿದೆ. ಕ್ರಿಟೇಷಿಯಸ್ ಯುಗದಲ್ಲಿ ಅಮೆರಿಕದ ನಡುನಾಡನ್ನು ಕಡಲು ಆವರಿಸಿತ್ತು. ಅದರ ಪಶ್ಚಿಮದಲ್ಲಿ ಜ್ವಾಲಾಮುಖಿಗಳು ಸಿಡಿದಾಗಲೆಲ್ಲ ಬೂದಿ ಗಾಳಿಯಲ್ಲಿ ತೇಲಿಬಂದು ಕಡಲಿನ ತಳದಲ್ಲಿ ತೆಳುವಾದ ಪದರವಾಗಿ ನಿಂತಿತು. ಆ ಬೂದಿಯಲ್ಲಿ ಪೊಟಾಸಿಯಂ ಇರುವ ಹರಳುಗಳಿವೆ. ಪೊಟಾಸಿಯಂನ ಒಂದು ಬಗೆಯಾದ ಪೊಟಾಸಿಯಂ-40 ತಾನಾಗಿಯೇ ಶಿಥಿಲವಾಗುತ್ತದೆ. ಅರ್ಧದಷ್ಟು ಶಿಥಿಲವಾಗಲು ಸುಮಾರು 125 ಕೋಟಿ ವರ್ಷ ಬೇಕು. ಹಾಗೆ ಶಿಥಿಲವಾದುದರಲ್ಲಿ ಒಂದು ಪಾಲು ಆರ್ಗಾನ್ ಎಂಬ ಅನಿಲವಾಗಿ ಹರಳಿನೊಳಗೇ ಸೆರೆಯಾಗುತ್ತದೆ. ಹರಳಿನಲ್ಲಿ ಎಷ್ಟು ಆರ್ಗಾನ್ ಕೂಡಿದೆ, ಎಷ್ಟು ಪೊಟಾಸಿಯಂ ಉಳಿದಿದೆ ಎಂದು ಅಳೆದರೆ ಜ್ವಾಲಾಮುಖಿ ಸಿಡಿದ ಕಾಲ ಹೊರಬೀಳುತ್ತದೆ. ಜರ್ಕಾನ್ ಎಂಬ ಹರಳಿನಲ್ಲಿ ಯುರೇನಿಯಂ ಸೀಸವಾಗಿ ಮಾರ್ಪಡುವುದನ್ನು ಅಳೆಯುವುದು ಇನ್ನೊಂದು ವಿಧಾನ. ಕ್ಯಾನ್ಸಾಸಿನ ಸೀಮೆಸುಣ್ಣದಲ್ಲಿ ಕಡಲಲಿಲ್ಲಿಗಳೂ ಇವೆ, ಬೂದಿಯ ಪದರಗಳೂ ಇವೆ. ಅಕ್ಷರವೂ ಶಕವರ್ಷವೂ ಒಂದೇ ಕಲ್ಲಿನಲ್ಲಿ ಸಿಕ್ಕಿದಂತಾಯಿತು. ಅಮೆರಿಕದ ಭೂವಿಜ್ಞಾನಿ ಜಾನ್ ಒಬ್ರಾಡೊವಿಚ್ ಇಂತಹ ಬೂದಿಗಳ ವಯಸ್ಸನ್ನು ಅಳೆದು 1993ರಲ್ಲಿ ಪ್ರಕಟಿಸಿದ ಕ್ರಿಟೇಷಿಯಸ್ ಕಾಲಮಾನ ಮುಂದಿನ ಲೆಕ್ಕಗಳಿಗೆ ತಳಹದಿಯಾಯಿತು.

ಬೂದಿಯ ಎರಡು ಪದರಗಳ ನಡುವಿನ ಅವಧಿಯನ್ನು ತುಂಬುವುದಕ್ಕೆ ಆಕಾಶದ ನೆರವೂ ಉಂಟು. ನಮ್ಮ ಪಂಚಾಂಗಕರ್ತರಿಗೆ ಅಯನಚಲನ ಹೊಸದಲ್ಲ. ಭೂಮಿಯ ಅಕ್ಷ ಬುಗುರಿಯಂತೆ ಮೆಲ್ಲನೆ ತಿರುಗುವುದರಿಂದ ಆಗುವ ಬದಲಾವಣೆ ಅದು. ಈ ಚಲನೆಯೂ ಭೂಕಕ್ಷೆಯ ಆಕಾರದಲ್ಲಾಗುವ ಬದಲಾವಣೆಯೂ ಸೇರಿ, ಸುಮಾರು ಇಪ್ಪತ್ತು ಸಾವಿರ, ಒಂದು ಲಕ್ಷ, ನಾಲ್ಕು ಲಕ್ಷ ವರ್ಷಗಳ ಆವರ್ತಗಳಲ್ಲಿ ಭೂಮಿಯ ಹವೆ ಏರಿಳಿಯುತ್ತದೆ. ಆ ಏರಿಳಿತ ಕಡಲತಳದ ಕೆಸರಿನಲ್ಲಿ ಅಚ್ಚ ಬಿಳಿಯ ಪದರ, ಜೇಡಿ ಬೆರೆತ ಪದರ, ಮತ್ತೆ ಬಿಳಿಯ ಪದರ ಎಂದು ದಾಖಲಾಗಿದೆ. ಆ ಜೋಡಿಗಳನ್ನು ಎಣಿಸಿದರೆ ಸಾವಿರ ವರ್ಷಗಳ ಲೆಕ್ಕ ಸಿಕ್ಕುತ್ತದೆ. ಈ ಎಲ್ಲವನ್ನೂ ಜೋಡಿಸಿದಾಗ, ಡಾಕ್ಟರ್ ರೋ ಅವರ ಮೈಕ್ರಾಸ್ಟರ್ ಕಥೆ ಸುಮಾರು 9 ಕೋಟಿ ವರ್ಷಗಳ ಹಿಂದಿನಿಂದ 8 ಕೋಟಿ 40 ಲಕ್ಷ ವರ್ಷಗಳ ಹಿಂದಿನವರೆಗೆ ನಡೆದುದೆಂದು ತಿಳಿದುಬರುತ್ತದೆ. ಬಾಯಿ ಒಂದಿಷ್ಟು ಮುಂದೆ ಸರಿಯುವುದಕ್ಕೆ, ತುಟಿ ಒಂದಿಷ್ಟು ಚಾಚುವುದಕ್ಕೆ ಐವತ್ತು ಅರವತ್ತು ಲಕ್ಷ ವರ್ಷ!

ಗಡಿಕಲ್ಲಿನ ವ್ಯಾಜ್ಯ

ಭೂವಿಜ್ಞಾನಿಗಳು ಕ್ರಿಟೇಷಿಯಸ್ ಯುಗವನ್ನು ಹನ್ನೆರಡು ಹಂತಗಳಾಗಿ ವಿಂಗಡಿಸಿದ್ದಾರೆ. ಒಂದೊಂದು ಹಂತಕ್ಕೂ ಜಗತ್ತಿನಲ್ಲಿ ಒಂದು ಸ್ಥಳದಲ್ಲಿ, ಒಂದು ಬಂಡೆಯಲ್ಲಿ, ಇಲ್ಲಿಂದ ಆರಂಭ ಎಂದು ಗುರುತುಮಾಡುವ ಪದ್ಧತಿಯಿದೆ. ಸ್ಯಾಂಟೋನಿಯನ್ ಹಂತ ಮುಗಿದು ಕ್ಯಾಂಪೇನಿಯನ್ ಹಂತ ಮೊದಲಾಗುವುದಕ್ಕೆ ಯಾವುದನ್ನು ಗುರುತಾಗಿಡಬೇಕು? 1995ರಲ್ಲಿ ಬ್ರಸಲ್ಸ್‌ನಲ್ಲಿ ಸೇರಿದ ವಿದ್ವಾಂಸರು ಮಾರ್ಸುಪೈಟಿಸ್ ಪ್ರಾಣಿಯ ಹೆಸರನ್ನು ಸೂಚಿಸಿದರು. ಅದು ಬಂಡೆಯಲ್ಲಿ ಎಲ್ಲಿ ಕೊನೆಗಾಣುತ್ತದೆಯೋ ಅದೇ ಗಡಿ. ಗಡಿಕಲ್ಲನ್ನು ನೆಡುವುದಕ್ಕೆ ಇಂಗ್ಲೆಂಡಿನ ಸೀಫರ್ಡ್ ಹೆಡ್ ಬಂಡೆಯ ಹೆಸರೂ ಅಮೆರಿಕದ ಟೆಕ್ಸಾಸಿನಲ್ಲಿರುವ ವಾಕ್ಸಹಾಚಿಯ ಹೆಸರೂ ಕೇಳಿಬಂದವು.

ಆದರೆ 2022ರಲ್ಲಿ ತೀರ್ಪು ಬಂದುದು ಬೇರೆ ರೀತಿಯಲ್ಲಿ. ಗಡಿಕಲ್ಲು ಇಟಲಿಯ ಗುಬ್ಬಿಯೊ ಎಂಬ ಊರಿನ ಬೊಟ್ಟಾಚೋನೆ ಕಣಿವೆಗೆ ಹೋಯಿತು. ಗುರುತಾಗಿ ನಿಂತದ್ದು ಭೂಮಿಯ ಅಯಸ್ಕಾಂತ. ಭೂಮಿಯ ಅಯಸ್ಕಾಂತದ ದಿಕ್ಕು ಆಗಾಗ ತಲೆಕೆಳಗಾಗುವುದುಂಟು. ಕ್ರಿಟೇಷಿಯಸ್ ಯುಗದ ನಡುವೆ ಮೂರೂವರೆ ಕೋಟಿಗೂ ಹೆಚ್ಚು ವರ್ಷ ಅದು ಒಂದೇ ದಿಕ್ಕಿನಲ್ಲಿ ನಿಂತಿದ್ದು, ಸುಮಾರು 8 ಕೋಟಿ 36 ಲಕ್ಷ ವರ್ಷಗಳ ಹಿಂದೆ ತಿರುಗಿತು. ಲೆಕ್ಕದಲ್ಲಿ ಲಕ್ಷಗಟ್ಟಲೆ ವರ್ಷಗಳ ಹೆಚ್ಚುಕಡಮೆ ಇರಬಹುದು. ಆದರೆ ಆ ತಿರುಗುವಿಕೆ ಭೂಮಿಯ ಎಲ್ಲ ಕಡೆಯೂ ಒಂದೇ ಕಾಲಕ್ಕೆ ಆಯಿತು, ಎಲ್ಲ ಬಗೆಯ ಬಂಡೆಗಳಲ್ಲಿಯೂ ಅದರ ಗುರುತು ಉಳಿಯಬಲ್ಲದು. ಮಾರ್ಸುಪೈಟಿಸ್ ಹೋಗದ ಕಡಲುಗಳಿದ್ದವು. ಅಯಸ್ಕಾಂತಕ್ಕೆ ಅಂತಹ ಎಲ್ಲೆಯಿಲ್ಲ.

ಹಾಗೆಂದು ಕಂಟಕಚರ್ಮಿಗಳ ಸಾಕ್ಷ್ಯ ವ್ಯರ್ಥವಾಯಿತೆಂದು ಭಾವಿಸಬಾರದು. ಅಯಸ್ಕಾಂತದ ಗುರುತಿಗೆ ಹೆಸರಿಲ್ಲ; ಎಷ್ಟನೆಯ ಸಲ ತಿರುಗಿದ್ದೆಂದು ಅದು ತಾನಾಗಿ ಹೇಳಲಾರದು. ಸುತ್ತಲಿನ ಪಳೆಯುಳಿಕೆಗಳನ್ನು ನೋಡಿ ಇದು ಇಂತಹ ತಿರುಗುವಿಕೆ ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ಬೂದಿಯಿಲ್ಲದ, ಪ್ರಯೋಗಶಾಲೆಯಿಲ್ಲದ ಬಯಲಿನಲ್ಲಿ ಸುತ್ತಿಗೆ ಹಿಡಿದು ನಿಂತವನಿಗೆ ಮಾರ್ಸುಪೈಟಿಸಿನ ಒಂದು ಬಿಲ್ಲೆ ಇಂದಿಗೂ ಕ್ಷಣಮಾತ್ರದಲ್ಲಿ ಕಾಲವನ್ನು ತಿಳಿಸುತ್ತದೆ.

ನಮ್ಮ ನೆರೆಯ ಕಡಲು

ಕರ್ನಾಟಕದ ಹೆಚ್ಚಿನ ಬಂಡೆಗಳು ಇಂತಹ ಕಥೆಯನ್ನು ಹೇಳಲಾರವು. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಕಡಲಕುಡಿಕೆಗಳ ಮೂಲಪುರುಷನೂ ಆಗ ಹುಟ್ಟಿರಲಿಲ್ಲ. ಉತ್ತರ ಕರ್ನಾಟಕದ ಕಪ್ಪು ಬಂಡೆಗಳು ಕ್ರಿಟೇಷಿಯಸ್ ಯುಗ ಮುಗಿಯುವ ಹೊತ್ತಿಗೆ ಹರಿದ ಲಾವಾ. ಆದರೆ ನೆರೆಯ ತಮಿಳುನಾಡಿನಲ್ಲಿ, ತಿರುಚಿರಾಪಳ್ಳಿಯಿಂದ ಈಶಾನ್ಯಕ್ಕೆ ಇರುವ ಅರಿಯಲೂರಿನ ಸುತ್ತಮುತ್ತ, ಆ ಯುಗದ ಕಡಲು ಬಿಟ್ಟುಹೋದ ಬಂಡೆಗಳು ವಿಪುಲವಾಗಿವೆ.

1840ರ ಸುಮಾರಿನಲ್ಲಿ ಮದರಾಸು ಸರಕಾರದ ಸಿವಿಲ್ ಸರ್ವಿಸಿನ ಸಿ. ಟಿ. ಕೇ ಮತ್ತು ಅವರ ಜೊತೆಗಾರರು ಇಲ್ಲಿಂದ ಪಳೆಯುಳಿಕೆಗಳನ್ನು ಸಂಗ್ರಹಿಸಿ ಲಂಡನ್ನಿಗೆ ಕಳುಹಿಸಿದರು. ಅವನ್ನು ಪರೀಕ್ಷಿಸಿದವರು ಬ್ರಿಟನ್ನಿನ ನಕ್ಷತ್ರಮೀನುಗಳ ಮೇಲೆ ಗ್ರಂಥ ಬರೆದಿದ್ದ ಎಡ್ವರ್ಡ್ ಫೋರ್ಬ್ಸ್. 1846ರಲ್ಲಿ ಪ್ರಕಟವಾದ ಅವರ ವರದಿ, ಇವು ಯೂರೋಪಿನ ಕ್ರಿಟೇಷಿಯಸ್ ಜೀವಿಗಳ ಸಮಕಾಲೀನರೆಂದು ಸಾರಿತು. ಫೋರ್ಬ್ಸ್ ಅರಿಯಲೂರನ್ನು ಕಂಡವರಲ್ಲ. ಆಗ ಆರ್ಗಾನ್ ಗಡಿಯಾರವೂ ಇರಲಿಲ್ಲ. ಪಳೆಯುಳಿಕೆಗಳ ಹೋಲಿಕೆಯೊಂದರಿಂದಲೇ ಅವರು ಸಾವಿರಾರು ಮೈಲಿ ದೂರದ ಬಂಡೆಯ ಕಾಲವನ್ನು ಹೇಳಿದರು. ಇಂದಿನವರೆಗೂ ಆ ಮಾತು ನಿಂತಿದೆ. ಅನಂತರ ಎಚ್. ಎಫ್. ಬ್ಲಾನ್‌ಫರ್ಡ್ ಇಲ್ಲಿಯ ಸ್ತರಗಳನ್ನು ಉಟ್ಟತ್ತೂರು, ತಿರುಚಿರಾಪಳ್ಳಿ, ಅರಿಯಲೂರು ಎಂದು ಮೂರು ಗುಂಪುಗಳಾಗಿ ವಿಂಗಡಿಸಿ 1862ರಲ್ಲಿ ವಿವರಿಸಿದರು.

ಈ ಕೆಲಸವನ್ನು ಪೂರ್ಣಗೊಳಿಸಿದವರು ಮೊರೇವಿಯದಲ್ಲಿ ಹುಟ್ಟಿ ಭಾರತದ ಭೂವಿಜ್ಞಾನ ಸರ್ವೇಕ್ಷಣೆಗೆ ಸೇರಿದ ಫರ್ಡಿನಾಂಡ್ ಸ್ಟೊಲಿಚ್ಕ. ದಕ್ಷಿಣ ಭಾರತದ ಕ್ರಿಟೇಷಿಯಸ್ ಪ್ರಾಣಿಗಳನ್ನು ಕುರಿತ ನಾಲ್ಕು ಬೃಹತ್ ಸಂಪುಟಗಳಲ್ಲಿ ಕೊನೆಯದು 1873ರಲ್ಲಿ ಮುಗಿಯಿತು. ಇಲ್ಲಿಯ ಕಂಟಕಚರ್ಮಿಗಳ ವರ್ಣನೆ ಇರುವುದು ಅದರಲ್ಲಿಯೇ. ಮರುವರ್ಷ ಯಾರ್ಕಂಡಿನ ಯಾತ್ರೆಯಿಂದ ಹಿಂತಿರುಗುವಾಗ ಲಡಾಖಿನ ಎತ್ತರದಲ್ಲಿ ಅವರು ತೀರಿಕೊಂಡರು. ಆಗ ಅವರ ವಯಸ್ಸು ಮೂವತ್ತಾರು. ಲೇಹ್ ನಗರದಲ್ಲಿ ಅವರ ಸ್ಮಾರಕವಿದೆ.

ಅರಿಯಲೂರಿನ ಬಳಿಯ ಕಲ್ಲಂಕುರಿಚ್ಚಿಯ ಸುಣ್ಣಕಲ್ಲಿನಲ್ಲಿ ಸ್ಟಿಗ್ಮಟೊಪೈಗಸ್ ಎಂಬ, ಗೋಪುರದಂತೆ ನಡು ಎತ್ತರವಾದ ಕಡಲಕುಡಿಕೆ ದೊರೆಯುತ್ತದೆ. ಅದು ಕ್ರಿಟೇಷಿಯಸ್ ಯುಗದ ಕೊನೆಯ ಹಂತವಾದ ಮಾಸ್ಟ್ರಿಕ್ಟಿಯನ್ ಕಾಲದ್ದು. 7 ಕೋಟಿ 20 ಲಕ್ಷ ವರ್ಷಗಳಿಂದ 6 ಕೋಟಿ 60 ಲಕ್ಷ ವರ್ಷಗಳ ಹಿಂದಿನ ಅವಧಿಗೆ ಆ ಹೆಸರು. ಅದೇ ಸುಣ್ಣಕಲ್ಲನ್ನು ಇಂದು ಸಿಮೆಂಟಿಗಾಗಿ ದೊಡ್ಡ ದೊಡ್ಡ ಗಣಿಗಳಲ್ಲಿ ತೆಗೆಯುತ್ತಿದ್ದಾರೆ. ಗಣಿಯ ಕೆಲಸದಿಂದ ವಿಜ್ಞಾನಕ್ಕೆ ಉಪಕಾರವೂ ಉಂಟು, ಅಪಕಾರವೂ ಉಂಟು. ಗಣಿ ತೋಡದಿದ್ದರೆ ನೆಲದಡಿಯ ಸ್ತರಗಳು ಕಣ್ಣಿಗೆ ಬೀಳುತ್ತಿರಲಿಲ್ಲ. ತೋಡಿದ ಮೇಲೆ ಅವು ಗೂಡೆಗೆ ಹೋಗಿ ಪುಡಿಯಾಗುತ್ತವೆ. ನಮ್ಮ ಮನೆಗಳ ಗೋಡೆಯಲ್ಲಿ ಎಷ್ಟು ಕಡಲಕುಡಿಕೆಗಳು ಸಿಮೆಂಟಾಗಿ ಸೇರಿವೆಯೋ! ವಾರಣವಾಸಿ ಎಂಬಲ್ಲಿ ತಮಿಳುನಾಡು ಸರಕಾರ ಪಳೆಯುಳಿಕೆಗಳಿಗಾಗಿಯೇ ಒಂದು ವಸ್ತುಸಂಗ್ರಹಾಲಯವನ್ನು ನಿರ್ಮಿಸಿರುವುದು ಸಂತೋಷದ ಸಂಗತಿ.

ಗಣಿಯಷ್ಟೇ ಅಪಕಾರವನ್ನು ತಿಳಿಯದೆ ಮಾಡುವವರು ಇನ್ನೊಬ್ಬರಿದ್ದಾರೆ. ರಜೆಯಲ್ಲಿ ಇಂತಹ ಸ್ಥಳಗಳಿಗೆ ಹೋಗಿ, ಚೆಂದ ಕಂಡ ಕಲ್ಲನ್ನು ಜೇಬಿಗಿಳಿಸಿ, ಮನೆಯ ಗಾಜಿನ ಕಪಾಟಿನಲ್ಲಿ ಗೊಂಬೆಗಳ ಪಕ್ಕದಲ್ಲಿ ಇಡುವ ಪ್ರವಾಸಿಗಳು ಅವರು. ಶಾಸನದ ಕಲ್ಲಿನಿಂದ ಒಂದು ಅಕ್ಷರವನ್ನು ಮಾತ್ರ ಕೆತ್ತಿ ತಂದರೆ ಅದನ್ನು ಓದುವವರಾರು? ಯಾವ ಸ್ತರದಲ್ಲಿತ್ತು, ಅದರ ಕೆಳಗೇನಿತ್ತು, ಮೇಲೇನಿತ್ತು ಎಂಬ ಬರಹವಿಲ್ಲದ ಪಳೆಯುಳಿಕೆ ಸುಂದರವಾದ ವಸ್ತು ಮಾತ್ರ, ಸಾಕ್ಷಿಯಲ್ಲ. ಮಾರ್ಗೇಟಿನ ವೈದ್ಯರಲ್ಲಿ ನಮ್ಮಲ್ಲಿರದ ಯಾವ ವಿಶೇಷ ಸಲಕರಣೆಯೂ ಇರಲಿಲ್ಲ. ಸುತ್ತಿಗೆ, ಹಲ್ಲು ಕೊರೆಯುವ ಯಂತ್ರ, ಪ್ರತಿಯೊಂದು ಕಲ್ಲೂ ಎಲ್ಲಿಂದ ಬಂದುದೆಂದು ತಪ್ಪದೆ ಬರೆದಿಡುವ ಅಭ್ಯಾಸ, ಇಷ್ಟೇ. ಅರಿಯಲೂರಿಗೆ ಹೋಗುವ ನಮ್ಮ ವಿದ್ಯಾರ್ಥಿಗಳು ಕಲ್ಲನ್ನು ಅದರ ಸ್ಥಳದಲ್ಲಿಯೇ ಬಿಟ್ಟು, ಒಂದು ಚಿತ್ರವನ್ನೂ ಒಂದು ಟಿಪ್ಪಣಿಯನ್ನೂ ಬರೆದುಕೊಂಡು ಬಂದರೆ ಅದೇ ದೊಡ್ಡ ಸಂಗ್ರಹ. ಮುಂದೆ ಬರುವ ಯಾರಾದರೊಬ್ಬರು ಆ ಅಕ್ಷರವನ್ನು ಅದರ ಸಾಲಿನಲ್ಲಿಯೇ ಓದಿಯಾರು.